ಸೇದೂದಿಲ್ಲ, ತಿನ್ನೂದಿಲ್ಲ, ತಿಕ್ಕತೇನ್ರಿ

ಕಾರ್ಖಾನೆಗಳ ದವಾಖಾನೆಗೆ ಹೊಸದಾಗಿ ನರ್ಸ್ ಆಗಿ ಸೇರಿದ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಅಲ್ಲಿ ಕೆಲಸ ಭಾಳ ಇರ್ತೈತೇನ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಕೆಲಸ ಬಹಳ ಇರುವುದಿಲ್ಲ, ಜನ ಬಹಳ ಇರುತ್ತಾರೆ ಎನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಫೋನಿನಲ್ಲಿ ಬಿಡಿಸಿ ಹೇಳುವ ತಾಳ್ಮೆ ನನಗೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ರಬಕವಿಯ ನೇಕಾರರ ಮನೆಯವಳು. ಮಗ್ಗದ ಸಪ್ಪಳದಲ್ಲಿ ಬೆಳೆದದ್ದರಿಂದ ಮೆಲ್ಲಗೆ ಮಾತಾಡುವುದು ನನಗೆ ಬರುವುದಿಲ್ಲ. ಗುಟ್ಟು ಹೇಳಿದರೂ ಮೂರು ಮನೆ ಆಚೆ ಕೇಳಿಸುತ್ತದೆ ಎಂದು ನನ್ನ ಗಂಡ ಇವತ್ತಿಗೂ ಹಂಗಿಸುತ್ತಾರೆ. ಇಂಥವಳನ್ನು ಮುಧೋಳ ಸೀಮೆಯ ಒಂದು ಸಕ್ಕರೆ ಕಾರ್ಖಾನೆ ತನ್ನ ದವಾಖಾನೆಗೆ ತೆಗೆದುಕೊಂಡಿತು. ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ. ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಇಲ್ಲಿ ಬರುವ ಮಂದಿಯ ಹೆಸರುಗಳೂ ಅವರ ಖರೆ ಹೆಸರುಗಳಲ್ಲ. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರೂ 'ಸಿಸ್ಟರಕ್ಕಾ' ಎನ್ನುತ್ತಿದ್ದರು. ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ಹೀಗೆ ನಾನು ಒಂದೇ ಉಸಿರಿನಲ್ಲಿ ಎರಡು ಸಲ ಅಕ್ಕ ಆಗಿದ್ದೆ.

ದವಾಖಾನೆ ಎಂದರೆ ಗೇಟಿನ ಪಕ್ಕ ಎರಡು ಕೋಣೆ, ಹೊರಗೆ ಬೇವಿನ ಗಿಡದ ಕೆಳಗೊಂದು ಕಲ್ಲಿನ ಬೆಂಚು. ಕಟ್ಟಿಸಿದ ಪುಣ್ಯಾತ್ಮ ಆ ಬೆಂಚನ್ನು ಎಲ್ಲರೂ ಹಾಜರಿ ಹಚ್ಚುವ ಜಾಗದ ಎದುರಿಗೇ ಹಾಕಿಸಿದ್ದ. ಪಾಳಿ ಬದಲಾಗುವ ಹೊತ್ತಿಗೆ ಬೆಂಚಿನ ಮೇಲೆ ಕೂತವನನ್ನು ಇಡೀ ಕಾರ್ಖಾನೆ ನೋಡುತ್ತಿತ್ತು. "ಏನಾಗೇತಲೇ?" ಎಂದು ಹೋಗುವವರೆಲ್ಲ ಕೇಳುವರು. ಅದಕ್ಕೆ ನಮ್ಮ ಮಂದಿ ಒಂದು ಉತ್ತರ ಹುಡುಕಿಕೊಂಡಿದ್ದರು: "ಕಾಲು ಉಳುಕೇತಿ." ಮೂಲವ್ಯಾಧಿಗೂ ಅದೇ, ಹೆಂಡತಿಗೆ ಹೇಳಲಾಗದ ತುರಿಕೆಗೂ ಅದೇ, ಮಕ್ಕಳಾಗಲಿಲ್ಲವೆಂದು ಕೇಳಲು ಬಂದವನಿಗೂ ಅದೇ. ಒಬ್ಬ ಫಿಟ್ಟರ್ ಬರುವಾಗ ಎಡಗಾಲು ಎಳೆಯುತ್ತ ಬಂದವನು ಹೋಗುವಾಗ ಬಲಗಾಲು ಎಳೆಯುತ್ತ ಹೋದ. ನಾನು ಕಿಟಕಿಯಿಂದ ಕೂಗಿ ಹೇಳಿದೆ, "ಏ ಯಪ್ಪಾ, ಆ ಕಾಲಲ್ಲ, ಈ ಕಾಲು." ಪಾಪ, ನಡುದಾರಿಯಲ್ಲಿ ನಿಂತು ಬದಲಿಸಿಕೊಂಡ.

ನನ್ನ ಮೊದಲ ಡಾಕ್ಟರು ಹಿರಿಯರು, ಬಿಳಿ ಧೋತರ ಉಟ್ಟುಕೊಂಡೇ ರೋಗಿಗಳನ್ನು ನೋಡುತ್ತಿದ್ದವರು. ಬೀಡಿ ಬಿಡು, ಬೀಡಿ ಬಿಡು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಹೇಳಿ ಮುಗಿಸಿ ಬಾಗಿಲ ಹಿಂದೆ ಹೋಗಿ ಒಂದು ಚಿಟಿಕೆ ನಶ್ಯ ಏರಿಸಿ, ಕಾರ್ಖಾನೆಯ ಸೈರನ್ನಿಗೆ ಪೈಪೋಟಿ ಕೊಡುವಂತೆ ಸೀನುತ್ತಿದ್ದರು. ಒಮ್ಮೆ ಒಬ್ಬ ಮುದುಕ, "ಸಾಹೇಬ್ರ, ನಾ ಬಾಯಿಲೆ ಬಿಡತೇನಿ, ನೀವು ಮೂಗಿಲೆ ಬಿಡ್ರಿ" ಎಂದ. ಡಾಕ್ಟರು ನಕ್ಕರು. ಇಬ್ಬರೂ ಬಿಡಲಿಲ್ಲ. ಆದರೆ ಆ ಮುದುಕ ಅವರ ಹತ್ತಿರ ಬರುವುದನ್ನೂ ಬಿಡಲಿಲ್ಲ. ಹುಡುಗಿಯರೇ, ಈ ಕೊನೆಯ ಮಾತನ್ನು ಸ್ವಲ್ಪ ಲಕ್ಷ್ಯ ಕೊಟ್ಟು ಓದಿರಿ.

ಕಾಲ ಬದಲಾಯಿತು. ಗಾಜಿನ ಸಿರಿಂಜನ್ನು ಕುದಿಸುವ ಕೆಲಸ ಹೋಯಿತು. ಸೂಜಿ ಒಮ್ಮೆ ಚುಚ್ಚಿ ಬಿಸಾಕುವಂಥದ್ದು ಬಂತು. ಡಾಕ್ಟರು ದಿನಾ ಬರುವುದು ಹೋಗಿ ಗುರುವಾರಕ್ಕೊಮ್ಮೆ ಜಮಖಂಡಿಯಿಂದ ಬರುವವರು ಬಂದರು. ಕಂಪ್ಯೂಟರ್ ಬಂತು. ಅದರ ಜೊತೆ ಎಚ್.ಆರ್. ಸಾಹೇಬರು ಬಂದರು. ನಮ್ಮ ಮಂದಿಯ ಬಾಯಲ್ಲಿ ಅದು ಮೊದಲು 'ಎಚ್ಚಾರ್' ಆಯಿತು, ಆಮೇಲೆ 'ಎಚ್ಚರ' ಆಯಿತು. "ಎಚ್ಚರ ಸಾಹೇಬ್ರು ಬಂದ್ರು, ಎಚ್ಚರ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಎಚ್ಚರ ಸಾಹೇಬರು ಕೆಟ್ಟವರಲ್ಲ. ಹುಬ್ಬಳ್ಳಿಯಲ್ಲಿ ಬೆಳೆದು ಹೈದರಾಬಾದಿನಲ್ಲಿ ಓದಿದ ಹುಡುಗ. ಬಂದ ತಿಂಗಳಲ್ಲೇ ಕಬ್ಬಿನ ಅಂಗಳದ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದರು. ಅಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ. ಅವರ ಸೋದರಮಾವ ಗುಟ್ಕಾ ತಿಂದು ತಿಂದು ಬಾಯಿ ಹುಣ್ಣಾಗಿ ತೀರಿಕೊಂಡಿದ್ದರಂತೆ. ಅದನ್ನು ಕಣ್ಣಾರೆ ನೋಡಿದವರು. ಹಾಗಾಗಿ ತಂಬಾಕು ಎಂದರೆ ಅವರಿಗೆ ಮೈಯೆಲ್ಲ ಉರಿ. 'ತಂಬಾಕು ಮುಕ್ತ ಕಾರ್ಖಾನೆ' ಎಂಬ ಯೋಜನೆ ಮಾಡಿ, ಒಂದು ದಿನ ಎರಡು ರಟ್ಟಿನ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಉಚ್ಚೆಯಲ್ಲಿ ಅದ್ದಿ ನೋಡುವ ಪಟ್ಟಿಗಳಿದ್ದವು. ಮನುಷ್ಯ ಬೀಡಿ ಸೇದಲಿ, ತಂಬಾಕು ಜಗಿಯಲಿ, ಎರಡು ಮೂರು ದಿನ ಆದರೂ ಅದರ ಗುರುತು ಉಚ್ಚೆಯಲ್ಲಿ ಸಿಗುತ್ತದೆ.

"ಎಲ್ಲಾರದೂ ನೋಡೋಣ್ರಿ ಸಿಸ್ಟರ್. ಮೊದಲು ಒಂದು ಫಾರಂ ತುಂಬಸೋಣ. ಸೇದುತ್ತೀರಾ, ತಿನ್ನುತ್ತೀರಾ, ಎರಡ ಪ್ರಶ್ನೆ. ಆಮ್ಯಾಲೆ ಟೆಸ್ಟ್. ಸುಳ್ಳು ಬರದವರು ಸಿಕ್ಕೊಂತಾರ."

"ಅವರನ್ನ ಕೇಳೀರೇನ್ರಿ?"

"ಅವರ ಒಳ್ಳೇದಕ್ಕ ಮಾಡಾಕತ್ತೇವಿ. ಕೇಳೂದೇನೈತ್ರಿ?"

ನಾನು ಫಾರಂ ತಿರುಗಿಸಿ ನೋಡಿದೆ. "ತಿಕ್ಕತೀರೇನು ಅಂತನೂ ಒಂದು ಹಾಕ್ರಿ ಸಾಹೇಬ್ರ. ಇಲ್ಲಿ ಹೆಣ್ಮಕ್ಕಳು ಮಿಸ್ರಿ ತಿಕ್ಕತಾರ."

ಸಾಹೇಬರು ನಕ್ಕರು. ಹೈದರಾಬಾದಿನಲ್ಲಿ ಮಿಶ್ರಿ ಎಂದರೆ ಕಲ್ಲುಸಕ್ಕರೆ. "ಸಕ್ಕರಿ ಫ್ಯಾಕ್ಟರ್ಯಾಗ ಸಕ್ಕರಿ ತಿಕ್ಕೊಂಡ್ರ ನಮಗೇನು ತ್ರಾಸ್ರಿ?" ಎಂದು ಫೋನ್ ಕಿವಿಗಿಟ್ಟುಕೊಂಡು ಹೋಗಿಯೇಬಿಟ್ಟರು.

ಓದುವವರಲ್ಲಿ ದೂರದವರಿದ್ದರೆ ಅವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮಿಸ್ರಿ ಎಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ಹೆಂಗಸರು ಅದನ್ನು ಸಣ್ಣ ಡಬ್ಬಿಯಲ್ಲಿಟ್ಟುಕೊಂಡು ಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕುತ್ತಾರೆ. ಮುಂಜಾನೆ ಒಮ್ಮೆ ಎಂದು ಶುರುವಾಗುತ್ತದೆ, ಆಮೇಲೆ ಊಟ ಆದಾಗೊಮ್ಮೆ, ಸಿಟ್ಟು ಬಂದಾಗೊಮ್ಮೆ. ತಿಕ್ಕುವವರು ಯಾರೂ ಅದನ್ನು ತಂಬಾಕು ತಿನ್ನುವುದು ಎಂದು ಎಣಿಸುವುದಿಲ್ಲ. ಹಲ್ಲುಜ್ಜುವುದು ಚಟ ಹೇಗಾದೀತು? ನಮ್ಮವ್ವನೂ ತಿಕ್ಕುತ್ತಿದ್ದಳು. ತಂಬಾಕು ತಿನ್ನುವ ನನ್ನ ಅಪ್ಪನನ್ನು ಬಯ್ಯುತ್ತ ಬಯ್ಯುತ್ತಲೇ ತಿಕ್ಕುತ್ತಿದ್ದಳು.

ಪರೀಕ್ಷೆ ಸಾಹೇಬರಿಂದಲೇ ಶುರುವಾಯಿತು. ಈ ಪಟ್ಟಿಯ ಲೆಕ್ಕ ಉಲ್ಟಾ. ಎರಡು ಗೀಟು ಬಂದರೆ ತಂಬಾಕಿಲ್ಲ, ಒಂದೇ ಬಂದರೆ ಉಂಟು. ಬಸುರಿನ ಪಟ್ಟಿ ನೋಡಿ ನೋಡಿ ರೂಢಿಯಾದ ನನ್ನ ಕಣ್ಣು ದಿನಕ್ಕೆ ನಾಲ್ಕು ಸಲವಾದರೂ ತಪ್ಪುತ್ತಿತ್ತು. ಸಾಹೇಬರ ಮನೆಯಲ್ಲಿ ಆಗಷ್ಟೇ ಕೂಸು ಹುಟ್ಟಿತ್ತು, ಅವರಿಗೂ ಅದೇ ರೂಢಿ. ತಮ್ಮ ಪಟ್ಟಿಯ ಮೇಲೆ ಎರಡು ಗೀಟು ಮೂಡಿದ್ದೇ ಮುಖ ಬೆಳ್ಳಗಾಯಿತು. "ಎರಡು ಬಂದಾವಲ್ರಿ ಸಿಸ್ಟರ್."

"ಗಾಬರಿ ಆಗಬ್ಯಾಡ್ರಿ ಸಾಹೇಬ್ರ. ನಿಮಗ ಅದೇನೂ ಆಗಿಲ್ಲ" ಎಂದೆ.

ಮೊದಲು ಗಂಡಸರ ಪಾಳಿ. ಸಾಹೇಬರು, "ಬಾಟ್ಲಿ ಹೆಂಗೂ ಕೈಯಾಗ ಐತಿ, ಸಕ್ಕರಿನೂ ನೋಡಿ ಕಂಪ್ಯೂಟರಿಗೆ ಹಾಕಿಬಿಡ್ರಿ" ಎಂದರು. ಅದನ್ನು ಯಾರಿಗೂ ತಿಳಿಸಿರಲಿಲ್ಲ. ನಮ್ಮ ಗಂಡಸರೇನು ಕಡಿಮೆಯೇ? ಕಬ್ಬು ಎತ್ತುವ ಕ್ರೇನು ನಡೆಸುವ ಬೀರಪ್ಪ ಎಂಬುವನಿದ್ದ. ಬೀಳಗಿ ಕಡೆಯ ಕುರಿ ಕಾಯುವ ಮನೆತನದವನು, ಬೀರೇಶ್ವರನ ಭಕ್ತ, ಬೀಡಿಯ ಹೊಗೆ ಕಂಡರೆ ಗಾಳಿ ಬೀಸುವ ಕಡೆ ಸರಿದು ನಿಲ್ಲುವವನು. ಆ ಪಾಳಿಯ ಬೀಡಿಯವರೆಲ್ಲ ಅವನನ್ನು ಹಿಡಿದುಕೊಂಡರು. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನುವವನಲ್ಲ. ಎರಡು ತಂಬಿಗೆ ನೀರು ಕುಡಿದು ಎಲ್ಲರ ಬಾಟಲಿಯನ್ನೂ ತಾನೇ ತುಂಬಿಕೊಟ್ಟ.

ತಂಬಾಕಿನ ಪಟ್ಟಿಗಳೆಲ್ಲ ಎರಡೆರಡು ಗೀಟು ತೋರಿಸಿದವು. ಹಲ್ಲು ಕಂದು ಬಣ್ಣಕ್ಕೆ ತಿರುಗಿದವರೂ ಪರಿಶುದ್ಧರಾಗಿಬಿಟ್ಟಿದ್ದರು. ಆಮೇಲೆ ಸಕ್ಕರೆಯ ಪಟ್ಟಿ ಅದ್ದಿದೆ. ಒಬ್ಬೊಬ್ಬರದೂ ಕಡು ಬಣ್ಣಕ್ಕೆ ತಿರುಗುತ್ತ ಹೋಯಿತು. ಒಂದೇ ಪಾಳಿಯ ಅಷ್ಟೂ ಮಂದಿಗೆ ಒಂದೇ ದಿನ ಸಕ್ಕರೆ ಕಾಯಿಲೆ. ಗುರುವಾರದ ಡಾಕ್ಟರು ಕಂಪ್ಯೂಟರ್ ನೋಡಿ, "ಇವರೆಲ್ಲಾ ಕಾಕಂಬಿ ಕುಡದಾರೇನ್ರಿ?" ಎಂದರು. ಗುಟ್ಟು ಸಂಜೆಯೊಳಗೆ ಒಡೆಯಿತು. ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಬೀರಪ್ಪ ಮಾತ್ರ ನಗಲಿಲ್ಲ. ತನಗೆ ಸಕ್ಕರೆ ಇದೆ ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ನನ್ನ ಬಾಯಿಂದ ಅವನು ಕೇಳುವ ಮೊದಲೇ ಕ್ಯಾಂಟೀನಿನವನು ಅವನಿಗೆ ಸಪ್ಪನೆಯ ಚಹಾ ಕೊಟ್ಟಿದ್ದ. ಕ್ರೇನಿನ ಮೇಲೆ ಕಣ್ಣು ಕತ್ತಲೆ ಬಂದರೆ ಹೇಗೆ ಎಂದು ಸಾಹೇಬರು ಅವನನ್ನು ಕೆಳಗಿಳಿಸಿ ಗೋದಾಮಿಗೆ ಹಾಕಿದರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಅವನು ಬಂದು ನನ್ನೆದುರು ಸ್ಟೂಲಿನ ಮೇಲೆ ಕೂತು ಒಂದೇ ಮಾತು ಹೇಳಿದ.

"ಸಿಸ್ಟರಕ್ಕಾ, ನಾ ಕೊಟ್ಟದ್ದು ಒಂದಕ್ಕ, ನೀವು ನೋಡಿದ್ದು ಮತ್ತೊಂದಕ್ಕ."

 ಡಾಕ್ಟರು ಬರೆದ ಮಾತ್ರೆ ಕೊಟ್ಟು ಕಳಿಸಿದೆ.

ಅಲ್ಲಿಂದ ಮುಂದೆ ಬೇವಿನ ಗಿಡದ ಕೆಳಗಿನ ಬೆಂಚು ಖಾಲಿಯಾಗುತ್ತ ಬಂತು. ಜ್ವರ ಬಂದವರು ಮಹಾಲಿಂಗಪುರಕ್ಕೆ ಹೋದರು, ಕೆಮ್ಮು ಬಂದವರು ಮುಧೋಳಕ್ಕೆ ಹೋದರು. ಕಾಲು ಉಳುಕಿದವರು ಕೂಡ ಬರಲಿಲ್ಲ. ಮಾತ್ರೆಗಾಗಿ ಬೀರಪ್ಪನೊಬ್ಬ ಬಂದು ಕೂರುತ್ತಿದ್ದ. ಅವನದು ಹೆಂಗೂ ಊರಿಗೆಲ್ಲ ಗೊತ್ತಾಗಿತ್ತು.

ಎಚ್ಚರ ಸಾಹೇಬರಿಗೆ ಮೋಸ ಹೋದ ಸಿಟ್ಟು. ಗಂಡಸರ ಪರೀಕ್ಷೆಯನ್ನು ಕಾವಲಿಟ್ಟು ಮತ್ತೆ ಮಾಡಿಸಿದರು. ಗೇಟಿಗೆ ಒಂದು ದೊಡ್ಡ ಬೋರ್ಡು ಮಾಡಿಸಿದರು. ತಂಬಾಕು ಇಲ್ಲದವರ ಹೆಸರು ಹಸಿರಿನಲ್ಲಿ, ಇದ್ದವರ ಹೆಸರು ಕೆಂಪಿನಲ್ಲಿ. ಫಾರಮ್ಮಿನಲ್ಲಿ ಇಲ್ಲ ಎಂದು ಬರೆದು ಪಟ್ಟಿಯಲ್ಲಿ ಸಿಕ್ಕಿಬಿದ್ದ ಗುತ್ತಿಗೆಯವರು ಕಾಯಂ ಆಗುವುದಿಲ್ಲ ಎಂದು ಸಾರಿದರು. ಶನಿವಾರ ಬೋರ್ಡು ಏಳಬೇಕಿತ್ತು. ಆ ವಾರವೇ ಹೆಣ್ಣುಮಕ್ಕಳ ಪಾಳಿ.

ಶಾಂತವ್ವ ಎಂಬ ಹುಡುಗಿ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವಲ್ಲಿ ಕೆಲಸ ಮಾಡುತ್ತಿದ್ದಳು. ಗಲಗಲಿ ಊರಿನ ಸೊಸೆ. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಣ್ಣುಮಗಳು. ಟ್ರ್ಯಾಕ್ಟರಿನವರು ತೂಕದಲ್ಲಿ ಜಗಳ ತೆಗೆದರೆ, "ಅಣ್ಣಾ, ಕಾಟಾಕ್ಕ ನನ್ನ ಮ್ಯಾಲೆ ಪ್ರೀತಿ ಇಲ್ಲ, ನಿನ್ನ ಮ್ಯಾಲೆ ಸಿಟ್ಟೂ ಇಲ್ಲ" ಎಂದು ನಗಿಸಿ ಕಳಿಸುವಳು. ಆರು ವರ್ಷ ಗುತ್ತಿಗೆಯಲ್ಲಿ ದುಡಿದಿದ್ದಳು. ಅದೇ ತಿಂಗಳು ಕಾಯಂ ಆಗುವುದಿತ್ತು. ಆಕೆಯ ಪಟ್ಟಿ ಅದ್ದಿದೆ. ಒಂದೇ ಗೀಟು.

ಕರೆದು ಬಾಗಿಲು ಹಾಕಿ ತೋರಿಸಿದೆ.

"ನಾ ಸುಳ್ಳು ಬರದಿಲ್ರಿ ಸಿಸ್ಟರಕ್ಕಾರ. ಸೇದೂದಿಲ್ಲ, ತಿನ್ನೂದಿಲ್ಲ" ಎಂದಳು. ಆಮೇಲೆ ಸೆರಗಿನ ತುದಿ ಹಿಡಿದುಕೊಂಡು ಸಣ್ಣ ದನಿಯಲ್ಲಿ, "ತಿಕ್ಕತೇನ್ರಿ" ಎಂದಳು.

ಮೊದಲ ಬಸುರಿನಲ್ಲಿ ಹಲ್ಲು ನೋವು ಬಂದಾಗ ಅತ್ತೆ ಕೊಟ್ಟಿದ್ದು, ಬಿಡಲಾಗಿಲ್ಲ. ಫಾರಂ ಕೇಳಿದ್ದಕ್ಕೆ ಆಕೆ ಖರೆ ಉತ್ತರವನ್ನೇ ಕೊಟ್ಟಿದ್ದಳು. ಹೇಳುತ್ತ ಹೇಳುತ್ತ ಅಳು ಬಂದು ಬಾಯಿ ತೆರೆದಾಗ ಕೆಳತುಟಿಯ ಒಳಗೆ, ವಸಡಿನ ಪಕ್ಕ ಒಂದು ಬಿಳಿ ಕಲೆ ಕಂಡಿತು.  ಇಂಥ ಕಲೆ ಸುಮ್ಮನೆ ಕೂತರೂ ಕೂರಬಹುದು, ಕೆಟ್ಟ ಹುಣ್ಣಿಗೆ ತಿರುಗಿದರೂ ತಿರುಗಬಹುದು. ನೋಡಿ ಹೇಳಬೇಕಾದವರು ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ, ಹೊತ್ತು ಮಾಡುವಂತಿಲ್ಲ.

"ಬಾಯಿ ತೆಗಿ, ನೋಡೂಣು" ಎಂದು ಬ್ಯಾಟರಿ ತೆಗೆದುಕೊಂಡೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬ್ಯಾಡ್ರಿ. ನೀವು ನೋಡ್ತೀರಿ, ಬಾಗಲಕೋಟಿಗೆ ಚೀಟಿ ಬರೀತೀರಿ. ಆ ಚೀಟ್ಯಾಗ ಕಾರಣ ಬರೀಬೇಕು. ಅದು ಎಚ್ಚರ ಸಾಹೇಬ್ರ ಕಡೆ ಹೋಗ್ತೈತಿ. ಶನಿವಾರ ಬೋರ್ಡಿನ ಮ್ಯಾಲೆ ಕೆಂಪ್ನ್ಯಾಗ ನನ್ನ ಹೆಸರು. ಕಾಟಾದಾಗ ಟ್ರ್ಯಾಕ್ಟರಿನಾವರು 'ಅಕ್ಕಾ, ಒಂದು ಬೀಡಿ ಕೊಡು' ಅಂತಾರ. ನೌಕರಿನೂ ಹೋಗ್ತೈತಿ, ಮಾನಾನೂ ಹೋಗ್ತೈತಿ."

"ನೌಕರಿಗಿಂತ ಬಾಯಿ ದೊಡ್ಡದವ್ವಾ."

"ನೌಕರಿ ಇದ್ರ ಬಾಯಿಗೆ ಊಟ ಅಲ್ಲೇನ್ರಿ" ಎಂದು ಎದ್ದು ಹೋದಳು. ಮರುದಿನ ನಾನೇ ಕಾಟಾಕ್ಕೆ ಹೋದೆ. ಗಾಜಿನ ಆಚೆಯಿಂದ ನನ್ನನ್ನು ನೋಡಿದವಳು ಹಿಂದಿನ ಬಾಗಿಲಿನಿಂದ ಹೊರಟುಹೋದಳು. ನನಗೆ ಸಿಟ್ಟು ಬಂತು. ಆಕೆಯ ಮೇಲಲ್ಲ. ಅಂಜಿ ಓಡಿದ್ದು ನನ್ನನ್ನು ನೋಡಿ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಅಷ್ಟು ವರ್ಷ ದವಾಖಾನೆಯ ಬಾಗಿಲಿಗೆ ಬರುವವರನ್ನು ನೋಡಿದ್ದೆ, ನನ್ನಿಂದ ಓಡುವವರನ್ನು ನೋಡಿರಲಿಲ್ಲ.

ಹೆಸರುಗಳ ಯಾದಿ ಕೇಳಲು ಸಾಹೇಬರು ದಿನಾ ಬರತೊಡಗಿದರು. ಡಾಕ್ಟರ ಸಹಿ ಆಗಬೇಕ್ರಿ ಎಂದೆ. ಸಹಿ ಆದ ಮೇಲೆ ಕರೆಂಟ್ ಇಲ್ರಿ ಎಂದೆ. ಕರೆಂಟ್ ಬಂದ ಮೇಲೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದೇನ್ರಿ ಎಂದೆ. ಕನ್ನಡಕ ನನ್ನ ಹಣೆಯ ಮೇಲೇ ಇತ್ತು. ಸಾಹೇಬರು ಅದನ್ನು ನೋಡಿದರು.

"ನಾಳೆ ಶನಿವಾರ, ಮುಂಜಾನೆ ಯಾದಿ ನನ್ನ ಮೇಜಿನ ಮ್ಯಾಲೆ ಇರಬೇಕು" ಎಂದು ಹೋದರು.

ಅದೇ ಮಧ್ಯಾಹ್ನ ಅವರು ಮತ್ತೆ ಬಂದರು. ಕೈಹಿಡಿದು ತಮ್ಮ ತಾಯಿಯನ್ನು ಕರೆತಂದಿದ್ದರು. ಸೊಸೆಯ ಬಾಣಂತನಕ್ಕೆಂದು ಬಂದ ಆ ತಾಯಿ ನಿಪ್ಪಾಣಿ ಕಡೆಯವರು, ಕಾರ್ಖಾನೆಯ ಕಾಲೊನಿಯಲ್ಲೇ ಇದ್ದರು. ಬಾಯಿ ಉರಿ, ಖಾರ ತಿನ್ನಲು ಆಗುತ್ತಿಲ್ಲ ಎಂದರು. ನಾನು ಕುರ್ಚಿ ಕೊಟ್ಟು, "ಆ ಅನ್ರಿ ಅವ್ವಾರ" ಎಂದೆ. ಅವರು ಬಾಯಿ ತೆರೆಯಲಿಲ್ಲ. ಮಗನ ಕಡೆ ನೋಡಿದರು.

"ಲೇ ತಮ್ಮಾ, ನೀ ಹೊರಗ ನಿಂದ್ರು."

"ಯಾಕಬೇ? ನಾ ಹೊರಗಿನಾವೇನು?"

"ಮಗಾ ಆದಿ ಅಂತ ಬಾಯಾಗೆಲ್ಲ ಹಣಕಿ ನೋಡ್ತೀ ಏನು? ನಡಿ ಹೊರಗ."

ಸಾಹೇಬರು ಹೋದರು. ನಾನು ಬಾಗಿಲು ಹಾಕಿದೆ. ಅವ್ವಾರು ಬಾಯಿ ತೆರೆದರು. ವಸಡೆಲ್ಲ ಕರ್ರಗೆ. ಕಲೆಗಿಲೆ ಇರಲಿಲ್ಲ, ತುಟಿಯ ಒಳಗೆ ಸುಟ್ಟಂತೆ ಕೆಂಪಾಗಿತ್ತು ಅಷ್ಟೆ.

"ಎಷ್ಟ ವರ್ಷ ಆತ್ರಿ ತಿಕ್ಕಾಕತ್ತಿ?"

"ಇಂವಾ ಹುಟ್ಟೂಕಿಂತ ಮೊದಲಿಂದ. ಇದ್ದಿಲ ಪುಡಿ ಅಂತ ಹೇಳೇನಿ, ನಂಬ್ಯಾನ." ನನ್ನ ಕೈ ಹಿಡಿದುಕೊಂಡರು. "ನಮ್ಮಣ್ಣ ತಂಬಾಕಿಗೆ ಹ್ವಾದ. ಅಂವನ ಬಾಯಿ ಕಂಡು ಈ ಹುಡುಗ ಎಷ್ಟ ಅತ್ತಾನ. ನಾನೂ ಅದನ್ನ ಮಾಡತೇನಿ ಅಂದ್ರ ತಡಕೊಳ್ಳಂಗಿಲ್ಲ. ಹೇಳಬ್ಯಾಡ ತಂಗಿ."

ಹೇಳುವುದಿಲ್ಲ ಎಂದೆ. ಹಚ್ಚುವ ಔಷಧ ಕೊಟ್ಟೆ, ಮಿಸ್ರಿ ಬಿಡಲೇಬೇಕು ಎಂದು ನನ್ನ ದೊಡ್ಡ ದನಿಯನ್ನು ಆದಷ್ಟು ಸಣ್ಣ ಮಾಡಿ ಬೈದೆ. ಆದರೆ ಮನಸ್ಸು ಬೇರೆ ಕಡೆ ಓಡುತ್ತಿತ್ತು. ಒಂದು ಮಾತು ಹೊರಗೆ ಹೋಗಿ ಸಾಹೇಬರ ಕಿವಿಯಲ್ಲಿ ಹಾಕಿದರೆ ಸಾಕು, ಬೋರ್ಡು ಮುರಿದು ಬೀಳುತ್ತದೆ, ಶಾಂತವ್ವ ಉಳಿಯುತ್ತಾಳೆ. ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು.

ಹೊರಗೆ ಬೆಂಚಿನ ಮೇಲೆ ಬೀರಪ್ಪ ಸರಿದು ಸಾಹೇಬರಿಗೆ ಜಾಗ ಮಾಡಿಕೊಟ್ಟಿದ್ದ. ಹಾಜರಿಗೆ ಬಂದ ಮಂದಿಯೆಲ್ಲ ಸಾಹೇಬರನ್ನು ಬೆಂಚಿನ ಮೇಲೆ ನೋಡಿಕೊಂಡೇ ಹೋಗುತ್ತಿದ್ದರು. "ಅವ್ವಾರಿಗೆ ಕಾಲು ಉಳುಕಿರಬೇಕ್ರಿ ಸಾಹೇಬ್ರ" ಎಂದು ಬೀರಪ್ಪ ಬಹಳ ಸಮಾಧಾನದಿಂದ ಹೇಳುತ್ತಿದ್ದ.

ಸಾಹೇಬರು ಎದ್ದು ಬಂದರು. "ಏನಾಗೇತ್ರಿ ನಮ್ಮವ್ವಗ?"

"ಔಷಧಾ ಕೊಟ್ಟೇನ್ರಿ. ಉಳಿದದ್ದು ಅವ್ವಾರನ್ನ ಕೇಳ್ರಿ."

"ನಾ ಆಕಿ ಮಗಾ ಅದೇನ್ರಿ."

"ಗೊತ್ತೈತ್ರಿ."

"ನಾ ನಿಮ್ಮ ಸಾಹೇಬ ಅದೇನಿ."

"ಅದೂ ಗೊತ್ತೈತ್ರಿ."

ಅವರ ಮುಖ ಕೆಂಪಾಯಿತು. ತಾಯಿ ನನ್ನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಇಬ್ಬರೂ ಹೊರಟುಹೋದರು. ನಾನು ಒಳಗೆ ಬಂದು ಕೂತೆ. ಶಾಂತವ್ವನನ್ನು ಉಳಿಸುವ ಒಂದೇ ದಾರಿಯನ್ನು ನನ್ನ ಕೈಯಾರೆ ಮುಚ್ಚಿದೆ ಅನ್ನಿಸಿತು. ಆ ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ. ನಾನು ಸುಮ್ಮನಿರುವುದನ್ನು ಕಂಡು ಗಂಡ, "ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು.

ಶನಿವಾರ ಮುಂಜಾನೆ ಎಚ್ಚರ ಸಾಹೇಬರು ನನಗಿಂತ ಮೊದಲೇ ದವಾಖಾನೆಯ ಬಾಗಿಲಲ್ಲಿದ್ದರು. ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ಮಿಸ್ರಿ ಅಂದ್ರ ಕಲ್ಲುಸಕ್ಕರಿ ಅಲ್ಲಂತ್ರಿ" ಎಂದರು.

ನಾನು ಬ್ಯಾಂಡೇಜು ಸುತ್ತುತ್ತ ಕೂತೆ.

"ನಮ್ಮವ್ವನ ಹೇಳಿದ್ಳು. 'ಆಕಿ ನಿನ್ನ ಕೈಯಾಗ ಕೆಲಸ ಮಾಡಾಕಿ, ಆದ್ರೂ ನಿನಗ ಹೇಳಲಿಲ್ಲ. ಅಂಥಾಕಿ ಮ್ಯಾಲೆ ನೀ ಸಿಟ್ಟಾಗೂದು ಬ್ಯಾಡ ಅಂತ ನಾನ ಹೇಳಾಕತ್ತೇನಿ' ಅಂದ್ಳು."  ಸಾಹೇಬರ ಕಣ್ಣು ಒದ್ದೆಯಾಗಿತ್ತು. "ದಿನಾ ಮುಂಜಾನೆ ನನ್ನ ಎದುರಿಗ ತಿಕ್ಕಾಳ್ರಿ. ಇಷ್ಟ ವರ್ಷ."

ಆ ಹುಡುಗನ ಮೇಲೆ ನನಗೆ ಆಗ ಕರುಣೆ ಉಕ್ಕಿತು. ಚಹಾ ತರಿಸಿದೆ.

"ಈ ಯಾದ್ಯಾಗ ನಮ್ಮವ್ವನಂಥಾವರು ಅದಾರೇನ್ರಿ?"

"ಎಷ್ಟು ಮಂದಿ ಅಂತ ಹೇಳ್ತೇನ್ರಿ. ಯಾರು ಅಂತ ಕೇಳಬ್ಯಾಡ್ರಿ."

"ಹೆಸರು ಗೊತ್ತಾಗಲಿಲ್ಲಂದ್ರ ಬಿಡಸೂದು ಹೆಂಗ್ರಿ ಸಿಸ್ಟರ್? ನಮ್ಮ ಮಾವನಂಗ ಇನ್ನೊಬ್ರು ಹೋದ್ರ?"

ಇದು ನ್ಯಾಯವಾದ ಪ್ರಶ್ನೆಯೇ. ನಾನು ಕಿಟಕಿಯ ಕಡೆ ಕೈ ಮಾಡಿದೆ. ಬೆಂಚು ಖಾಲಿಯಿತ್ತು. "ಅಂಜಿದಾವರು ಬಿಡಂಗಿಲ್ರಿ, ಮುಚ್ಚಿಡ್ತಾರ. ನಿಮ್ಮ ಬೋರ್ಡು ಏಳೂಕಿಂತ ಮೊದಲ ನನ್ನ ಬೆಂಚು ಬರಿದಾಗೇತಿ. ಅವರು ಇಲ್ಲಿಗೆ ಬರಲಿಲ್ಲಂದ್ರ ನಾ ಯಾರಿಗೆ ಬಿಡ್ರಿ ಅಂತ ಹೇಳಲಿ?"

ಚಹಾ ಆರುವವರೆಗೂ ಅವರು ಬೆಂಚನ್ನೇ ನೋಡುತ್ತಿದ್ದರು.

ಬೋರ್ಡು ಏಳಲಿಲ್ಲ. ಅಷ್ಟು ಖರ್ಚು ಮಾಡಿಸಿದ್ದು ವ್ಯರ್ಥವಾಗಬಾರದೆಂದು ಅದನ್ನು ಕ್ಯಾಂಟೀನಿನಲ್ಲಿ ಹಾಕಿದರು. ಹಸಿರಿನಲ್ಲಿ ಇವತ್ತಿನ ಪಲ್ಯ, ಕೆಂಪಿನಲ್ಲಿ ಮುಗಿದದ್ದು. ಹಳೆಯ ಫಾರಮ್ಮುಗಳನ್ನು ರದ್ದು ಮಾಡಿ, ಕಾಯಂ ಮಾಡುವುದಕ್ಕೂ ತಂಬಾಕಿಗೂ ಸಂಬಂಧವಿಲ್ಲ ಎಂದು ಸಾಹೇಬರೇ ಬರೆದು ಅಂಟಿಸಿದರು. ಪರೀಕ್ಷೆ ಬೇಕೆಂದವರು ತಾವಾಗಿ ಬಂದು ಮಾಡಿಸಿಕೊಳ್ಳಬಹುದು, ಏನು ಬಂತೆಂಬುದು ಅವರಿಗೆ ಮತ್ತು ದವಾಖಾನೆಗೆ ಮಾತ್ರ. ಎಲ್ಲವೂ ಸರಿಹೋಯಿತು ಎನ್ನಲಾರೆ. ಬೀಡಿಯವರಲ್ಲಿ ಬಿಟ್ಟವರಿಗಿಂತ ಬಿಡದವರೇ ಹೆಚ್ಚು. ಗುರುವಾರದ ಡಾಕ್ಟರು ನೋಡಿ ಒಪ್ಪಿದ ಮೇಲೆ ಬೀರಪ್ಪ ಕ್ರೇನು ಏರಿದ, ಆದರೆ ಅದಾದ ಮೇಲೆ ಯಾರು ಏನು ಕೇಳಿದರೂ, "ಎದಕ್ಕ ಬೇಕು ಮೊದಲು ಹೇಳ್ರಿ" ಎನ್ನುವುದನ್ನು ಕಲಿತ.

ಶಾಂತವ್ವ ಕಾಯಂ ಆದಳು. ಆದರೂ ಬರಲಿಲ್ಲ. ಬೆನ್ನು ಹತ್ತಿದರೆ ಮತ್ತೆ ಓಡುತ್ತಾಳೆಂದು ಒಂದು ವಾರ ನಾನು ಕಾಟಾದ ಕಡೆ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ದಿನಾ ಆ ಬಿಳಿ ಕಲೆ ನೆನಪಾಗುತ್ತಿತ್ತು. ನನ್ನ ಇಡೀ ನೌಕರಿಯಲ್ಲಿ ಕಾಯುವುದು ಅಷ್ಟು ಕಷ್ಟವಾಗಿದ್ದು ಅದೊಂದೇ ಸಲ.

ಒಂದು ಮಧ್ಯಾಹ್ನ ಬಾಗಿಲು ತೆರೆದುಕೊಂಡಿತು. ಶಾಂತವ್ವ ಒಳಗೆ ಬಂದು, ತಾನೇ ಚಿಲಕ ಹಾಕಿ, ಕುರ್ಚಿಯ ಮೇಲೆ ಕೂತಳು. ನಾನು ಬ್ಯಾಟರಿ ಹುಡುಕುವಷ್ಟರಲ್ಲಿ ಬಾಯಿ ತೆರೆದು ಕೂತಿದ್ದಳು. ಕಲೆ ಅಲ್ಲೇ ಇತ್ತು, ಸ್ವಲ್ಪ ಅಗಲವಾಗಿತ್ತು.

ಬಾಗಲಕೋಟೆಗೆ ಚೀಟಿ ಬರೆದೆ. ಕಾರಣ ಎಂಬಲ್ಲಿ ಏನೂ ಬರೆಯದೆ ಖಾಲಿ ಬಿಟ್ಟು ಆಫೀಸಿಗೆ ಕಳಿಸಿದೆ. ಹಾಗೆ ಕಳಿಸಿದ ಚೀಟಿ ಹಿಂದೆಲ್ಲ ತಿರುಗಿ ಬರುತ್ತಿತ್ತು. ಎಚ್ಚರ ಸಾಹೇಬರು ಸಹಿ ಹಾಕಿ, ಹೋಗಿಬರಲು ಕಾರ್ಖಾನೆಯ ಜೀಪು ಕೊಟ್ಟರು. ಏನಾಗಿದೆ ಎಂದು ಕೇಳಲಿಲ್ಲ. ನಾನೂ ಜೊತೆಗೆ ಹೋದೆ.

ಆಸ್ಪತ್ರೆಯಲ್ಲಿ ಏನು ಹೇಳಿದರು ಎಂದು ನಿಮಗೆ ತಿಳಿಯುವ ಆಸೆ ಇರುತ್ತದೆ. ನನಗೂ ಬರೆಯುವ ಆಸೆ ಇತ್ತು. ಇದನ್ನೆಲ್ಲ ನಿಮ್ಮ ಕೈಗೆ ಕೊಡುವ ಮೊದಲು, ಉಳಿದವರನ್ನು ಕೇಳಿದಂತೆ ಶಾಂತವ್ವನನ್ನೂ ಕೇಳಲು ಹೋಗಿದ್ದೆ. ಕಾಟಾದಲ್ಲೇ ಇದ್ದಾಳೆ, ಟ್ರ್ಯಾಕ್ಟರಿನವರ ಜೊತೆ ಜಗಳವೂ ನಗುವೂ ಹಾಗೇ ಇವೆ. ಬರೆದದ್ದನ್ನು ಓದಿ ಹೇಳಿದೆ, ಕೈಕಟ್ಟಿಕೊಂಡು ಕೇಳಿದಳು. ಮಿಸ್ರಿಯ ವಿಷಯ ಬರೀರಿ ಎಂದಳು, ಹುಡುಗಿಯರಿಗೆ ಗೊತ್ತಾಗಲಿ ಎಂದಳು. ಬಾಗಲಕೋಟೆಯ ಮಾತಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದಳು.

"ಅದು ಬ್ಯಾಡ್ರಿ ಸಿಸ್ಟರಕ್ಕಾರ. ಬಾಯಿ ನಂದು."